ಸಮರಸದ ಕಥನಕಾರ: ವಿನಾಯಕ ಕೃಷ್ಣ ಗೋಕಾಕ

ಧಾರವಾಡದ ಕರ್ನಾಟಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಿ.ಕೃ. ಗೋಕಾಕರು 1959ರಲ್ಲಿ ಹೈದರಾಬಾದಿಗೆ ಬಂದು ಅಲ್ಲಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು. ಅದಕ್ಕೆ ಮೂರು ವರ್ಷ ಮೊದಲು ಹೈದರಾಬಾದ್ ಸಂಸ್ಥಾನದ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ್ದವು. ನಗರದ ಕನ್ನಡಿಗರು ಗಡಿಯಾಚೆ ಉಳಿದಿದ್ದರು. ಕನ್ನಡದ ಕವಿಯೊಬ್ಬರು ಉರ್ದು, ತೆಲುಗುಗಳ ಆ ನಗರದಲ್ಲಿ ಇಂಗ್ಲಿಷ್ ಬೋಧನೆಯ ಹೊಣೆ ಹೊತ್ತುದು ಆಕಸ್ಮಿಕವೇ ಇರಬಹುದು. ಆದರೆ ನವಾಬರ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ಗೋಕಾಕರಿಗೆ ಬಹುಭಾಷೆಯ ಬದುಕು ಹೊಸತಲ್ಲ.

ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಕಾವ್ಯದೀಕ್ಷೆ ಪಡೆದು, ಆಕ್ಸ್‌ಫರ್ಡಿನಲ್ಲಿ ಪಾಶ್ಚಾತ್ಯ ಸಾಹಿತ್ಯವನ್ನು ಅಭ್ಯಸಿಸಿ ಬಂದ ಅವರ ಮನಸ್ಸು ನೆಲೆನಿಂತದ್ದು ಶ್ರೀ ಅರವಿಂದರ ದರ್ಶನದಲ್ಲಿ. ಅರವಿಂದರ ಪೂರ್ಣಯೋಗ ಜಗತ್ತನ್ನು ಮಿಥ್ಯೆಯೆಂದು ತಳ್ಳುವುದಿಲ್ಲ. ಲೌಕಿಕವೇ ಚೈತನ್ಯದ ವಿಕಾಸಕ್ಕೆ ಕ್ಷೇತ್ರವೆನ್ನುತ್ತದೆ. ಇಂಥ ದರ್ಶನಕ್ಕೆ ಭಾವಗೀತೆಗಿಂತ ಕಾದಂಬರಿಯೇ ಕಠಿಣವಾದ ಒರೆಗಲ್ಲು. ಗೀತೆ ಒಂದೇ ನೆಗೆತಕ್ಕೆ ಶಿಖರವನ್ನು ಮುಟ್ಟಬಲ್ಲದು; ಕಾದಂಬರಿ ಸಂಸಾರ, ನೌಕರಿ, ಜಗಳ, ಸಾಲಗಳ ನಡುವೆ ಹಾದೇ ಹೋಗಬೇಕು. ಗೋಕಾಕರು ಈ ಕಷ್ಟವನ್ನು ತಿಳಿದೇ ಕೈಗೆತ್ತಿಕೊಂಡರು. ‘ಸಮರಸವೇ ಜೀವನ’ ಎಂಬ ಅವರ ಬೃಹತ್ ಕಾದಂಬರಿಯ ‘ಇಜ್ಜೋಡು’ ಭಾಗ, ಹೆಸರೇ ಸೂಚಿಸುವಂತೆ, ಹೊಂದದ ಜೋಡಿಯಿಂದ ಹೊರಡುತ್ತದೆ. ವಿರಸವನ್ನು ಮೊದಲು ಕಾಣದೆ ಸಮರಸವನ್ನು ಹೇಳಲಾಗದೆಂಬ ಅರಿವು ಅಲ್ಲಿದೆ. ಆದರೆ ನಾಯಕ ನರಹರಿಯ ಕಥೆ ಮುಂದುವರಿದಂತೆ ತತ್ತ್ವವು ವ್ಯಕ್ತಿಗಿಂತ ಮುಂದೆ ನಡೆಯತೊಡಗುತ್ತದೆ ಎಂಬುದನ್ನು ಒಪ್ಪಬೇಕು. ಉತ್ತರ ಮೊದಲೇ ಸಿದ್ಧವಾಗಿರುವ ಕಡೆ ಪಾತ್ರಕ್ಕೆ ಎಡವುವ ಸ್ವಾತಂತ್ರ್ಯ ಕಡಿಮೆ.

ವಿಪರ್ಯಾಸವೆಂದರೆ, ಮುಂಬಯಿ ಸಾಹಿತ್ಯ ಸಮ್ಮೇಳನದಲ್ಲಿ ನವ್ಯಕಾವ್ಯದ ಮಾರ್ಗವನ್ನು ಸಾರಿದವರು ಗೋಕಾಕರೇ. ಅನಂತರದ ನವ್ಯರು ಆ ಹೆಸರನ್ನು ಉಳಿಸಿಕೊಂಡು ಸಮನ್ವಯವನ್ನು ಕೈಬಿಟ್ಟರು. ಗೋಕಾಕರು ಇನ್ನೂ ಹೈದರಾಬಾದಿನಲ್ಲಿದ್ದಾಗಲೇ, 1965ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾಯಿತು. ಅದರ ಪ್ರಾಣೇಶಾಚಾರ್ಯನನ್ನೂ ಕಾಡುವುದು ಧರ್ಮದ ಪ್ರಶ್ನೆಯೇ. ಅವನಿಗೆ ದೊರೆಯದೆ ಹೋಗುವುದು ಉತ್ತರ. ಹೊಸ ಓದುಗರು ಆ ತಳಮಳವನ್ನೇ ತಮ್ಮದೆಂದುಕೊಂಡರು. ನರಹರಿಯ ನೆಮ್ಮದಿ ಅವರಿಗೆ ದೂರದ್ದಾಯಿತು. ಇದು ಕಾಲಧರ್ಮ, ಗೋಕಾಕರ ಪ್ರಯತ್ನವನ್ನು ತಳ್ಳಿಹಾಕಲು ಅದೊಂದೇ ಕಾರಣ ಸಾಲದು. ಮಹತ್ತಾದ ವಿಚಾರವೊಂದನ್ನು ಮನೆಯೊಳಗಿನ ಬದುಕಿಗೆ ಇಳಿಸುವ ಸಾಹಸ ಮಾಡಿದವರು ಕನ್ನಡದಲ್ಲಿ ಹೆಚ್ಚು ಮಂದಿಯಿಲ್ಲ.

1966ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಹೈದರಾಬಾದನ್ನು ಬಿಟ್ಟರು. ಸಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ, ಕೇಂದ್ರ ಸಾಹಿತ್ಯ ಅಕಾಡೆಮಿಗಳ ಹೊಣೆಗಳು ಮುಂದೆ ಬಂದವು. ಈ ನಡುವೆ ಅದೇ ದರ್ಶನ ಇನ್ನೊಂದು ಕಥೆಯನ್ನು ಹುಡುಕಿಕೊಂಡಿತು. ಸುಮಾರು 35,000 ಸಾಲುಗಳ ‘ಭಾರತ ಸಿಂಧು ರಶ್ಮಿ’ ಮಹಾಕಾವ್ಯಕ್ಕೆ ಅವರು ಆರಿಸಿದ್ದು ವಿಶ್ವಾಮಿತ್ರನನ್ನು. ಇದೇ ಋಷಿಯನ್ನು ದೇವುಡು ನರಸಿಂಹಶಾಸ್ತ್ರಿಗಳು ‘ಮಹಾಬ್ರಾಹ್ಮಣ’ದಲ್ಲಿ ಆಗಲೇ ಕಾದಂಬರಿಯ ನಾಯಕನನ್ನಾಗಿ ಮಾಡಿದ್ದರು. ಕ್ರೋಧದಲ್ಲಿ, ಮೋಹದಲ್ಲಿ ಜಾರಿ ಮತ್ತೆ ಏಳುವ ವಿಶ್ವಾಮಿತ್ರನಿಗೆ ನರಹರಿಗೆ ಒದಗದ ಅನುಕೂಲವಿತ್ತು: ಅವನ ಸೋಲುಗಳನ್ನು ಪುರಾಣವೇ ಕಾಯ್ದಿಟ್ಟಿತ್ತು. 1990ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಗೋಕಾಕರಿಗೆ ಸಂದಿತು. 1992ರ ಏಪ್ರಿಲ್ 28ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು.