ತಿಳಿ ನೀರೆಲ್ಲ ಶುದ್ಧ ನೀರೇ? ದರ್ಜಿಯ ಮಗ ಕೊಟ್ಟ ಬೆಳಕಿನ ಲೆಕ್ಕ

ಲೋಟದ ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಕುಡಿಯಲು ಯೋಗ್ಯ ಎಂದು ಹಲವರು ನಂಬುತ್ತಾರೆ. ಇದು ನಿಜವೇ? ಉತ್ತರ ತಿಳಿಯಲು ಯೋಹಾನ್ ಹೈನ್ರಿಚ್ ಲ್ಯಾಂಬರ್ಟ್ ಅವರ ಬದುಕನ್ನು ನೋಡೋಣ.

ಲ್ಯಾಂಬರ್ಟ್ ಹುಟ್ಟಿದ್ದು 1728ರಲ್ಲಿ, ಈಗ ಫ್ರಾನ್ಸ್‌ಗೆ ಸೇರಿದ ಮ್ಯುಲೂಸ್ ಪಟ್ಟಣದಲ್ಲಿ. ತಂದೆ ದರ್ಜಿ. 12ನೇ ವಯಸ್ಸಿಗೆ ಶಾಲೆ ಬಿಟ್ಟು ತಂದೆಗೆ ನೆರವಾದರು. ಮುಂದೆ ಗುಮಾಸ್ತರಾಗಿ, ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರಾಗಿ ದುಡಿಯುತ್ತಲೇ ಗಣಿತ, ವಿಜ್ಞಾನಗಳನ್ನು ತಾವೇ ಕಲಿತರು. ‘ಪೈ’ ಬೆಲೆಯನ್ನು ಯಾವ ಭಿನ್ನರಾಶಿಯಲ್ಲೂ ನಿಖರವಾಗಿ ಬರೆಯಲಾಗದು ಎಂದು ಮೊದಲು ಸಾಧಿಸಿದವರು ಇವರೇ. ನಾವು ಶಾಲೆಯಲ್ಲಿ ಬಳಸುವ 22/7 ಬರೀ ಅಂದಾಜು!

1760ರಲ್ಲಿ ಬೆಳಕಿನ ಅಳತೆಯ ಕುರಿತು ‘ಫೋಟೋಮೆಟ್ರಿಯಾ’ ಗ್ರಂಥ ಪ್ರಕಟಿಸಿದರು. ಬಣ್ಣದ ದ್ರಾವಣದ ಒಂದು ಪದರ ಅರ್ಧ ಬೆಳಕನ್ನು ಬಿಟ್ಟರೆ, ಎರಡು ಪದರ ಕಾಲು ಭಾಗವನ್ನು, ಮೂರು ಪದರ ಎಂಟನೇ ಒಂದು ಭಾಗವನ್ನು ಬಿಡುತ್ತವೆ. ಇದನ್ನು 1729ರಲ್ಲೇ ಫ್ರಾನ್ಸ್‌ನ ಪಿಯರ್ ಬೂಗೇ ಗುರುತಿಸಿದ್ದರು. ಲ್ಯಾಂಬರ್ಟ್ ಅದಕ್ಕೆ ಗಣಿತದ ರೂಪ ಕೊಟ್ಟರು. 1765ರಲ್ಲಿ ಬರ್ಲಿನ್ ಅಕಾಡೆಮಿಯ ಸದಸ್ಯರಾದ ಅವರು 1777ರಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡರು.

1852ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್, ಕರಗಿದ ಲವಣದ ಪ್ರಮಾಣಕ್ಕೂ ಇಂಥದ್ದೇ ನಿಯಮ ಅನ್ವಯಿಸುತ್ತದೆ ಎಂದು ತೋರಿಸಿದರು. ಅದೇ ಬಿಯರ್-ಲ್ಯಾಂಬರ್ಟ್ ನಿಯಮ. ಕುಡಿಯುವ ಬಿಯರ್‌ಗೂ ಇದಕ್ಕೂ ಸಂಬಂಧವಿಲ್ಲ!

ಲ್ಯಾಬ್‌ನಲ್ಲಿ ಇದು ಹೇಗೆ ನಡೆಯುತ್ತದೆ? ಮೈಲುತುತ್ತದ ನೀಲಿ ದ್ರಾವಣ ಕೆಂಪು ಬೆಳಕನ್ನು ಹೀರುತ್ತದೆ. ಪ್ರಮಾಣ ಗೊತ್ತಿರುವ ನಾಲ್ಕೈದು ದ್ರಾವಣಗಳ ಮೂಲಕ ಅಂಥ ಬೆಳಕು ಹಾಯಿಸಿ, ಅವು ಹೀರಿದ್ದನ್ನು ಗ್ರಾಫ್‌ನಲ್ಲಿ ಗುರುತಿಸಿದರೆ ನೇರ ಗೆರೆ ಸಿಗುತ್ತದೆ. ಗೊತ್ತಿಲ್ಲದ ದ್ರಾವಣದ ಪ್ರಮಾಣವನ್ನು ಅದೇ ಗೆರೆಯಿಂದ ಓದಬಹುದು. ದ್ರಾವಣ ತೀರಾ ಗಾಢವಾದರೆ ಗೆರೆ ಬಾಗುತ್ತದೆ. ಆಗ ಅಳೆದು ನೀರು ಬೆರೆಸಿ ತೆಳುವಾಗಿಸಬೇಕು.

ಈಗ ಮೊದಲ ಪ್ರಶ್ನೆಗೆ ಬರೋಣ. ಕೋಲಾರ, ತುಮಕೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದಕ್ಕೆ ಬಣ್ಣವಿಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ. ಆದರೆ ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ಹಾಗಾಗಿ ಲ್ಯಾಬ್‌ನವರು ನೀರಿಗೆ ಕೆಂಪು ಬಣ್ಣದ ರಾಸಾಯನಿಕ ಬೆರೆಸುತ್ತಾರೆ. ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಮಾಸುತ್ತದೆ. ಎಷ್ಟು ಮಾಸಿತು ಎಂಬುದನ್ನು ಬೆಳಕು ಹಾಯಿಸಿ ಅಳೆಯುತ್ತಾರೆ.

ಹಾಗಾದರೆ ನಿಜವೇನು? ತಿಳಿ ನೀರೆಲ್ಲ ಶುದ್ಧ ಎಂಬುದು ತಪ್ಪು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಕೊಳವೆಬಾವಿ ನೀರು ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸಿ. ಕೊಳವೆಬಾವಿ ಇರುವ ನಿಮ್ಮ ಬಂಧುಗಳಿಗೂ ಇದನ್ನು ಕಳುಹಿಸಿ.