ಬಿಸಿಎನ್‌ಎಫ್‌ನಲ್ಲಿರೋ ಆ 'ಸಿ' ಯಾರು?

ಡಿಬಿಎಂಎಸ್ ಲ್ಯಾಬ್‌ನಲ್ಲಿ ನಾವು ಬರೆಯೋ ಜಾವಾ ಪ್ರೋಗ್ರಾಂಗಳು ಹೆಚ್ಚುಕಮ್ಮಿ ಒಂದೇ ಥರ. ಮೊದಲು ಕನೆಕ್ಷನ್: ಸರ್ವರ್ ಹೆಸರು, ಪೋರ್ಟ್, ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್. ಆಮೇಲೆ ಕ್ವೆರಿ. ಅದರಲ್ಲಿ ಯುಎಸ್‌ಎನ್ ಬರಬೇಕಾದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಪ್ಯಾರಾಮೀಟರ್‌ಗೆ ವ್ಯಾಲ್ಯೂ ಕೊಟ್ಟರೆ ಮುಗೀತು. ಡೇಟಾ ಡಿಸ್ಕ್‌ನ ಯಾವ ಮೂಲೆಯಲ್ಲಿದೆ ಅಂತ ನಾವ್ಯಾರೂ ತಲೆ ಕೆಡಿಸಿಕೊಳ್ಳಲ್ಲ. ಈ ಸುಖ ಪುಕ್ಕಟೆ ಬಂದದ್ದಲ್ಲ. ಇದರ ಹಿಂದೆ ತಾನು ಕೆಲಸ ಮಾಡುವ ಕಂಪನಿಯೇ ಕಿವಿಗೊಡದಿದ್ದರೂ ಪಟ್ಟು ಬಿಡದ ಒಬ್ಬ ಗಣಿತಜ್ಞ ಇದ್ದಾರೆ. ಅವರೇ ಎಡ್ಗರ್ ಫ್ರಾಂಕ್ ಕಾಡ್.

ಕಾಡ್ ಹುಟ್ಟಿದ್ದು 1923ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ಪೋರ್ಟ್‌ಲ್ಯಾಂಡ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದರು. 1948ರಲ್ಲಿ ನ್ಯೂಯಾರ್ಕ್‌ಗೆ ಬಂದು ಐಬಿಎಂನಲ್ಲಿ ಪ್ರೋಗ್ರಾಮರ್ ಆದರು. ಸೆನೆಟರ್ ಮೆಕಾರ್ಥಿಯ ರಾಜಕೀಯ ಸಹಿಸಲಾಗದೆ 1953ರಲ್ಲಿ ಅಮೆರಿಕ ಬಿಟ್ಟು ಕೆನಡಾಕ್ಕೆ ಹೋದವರು, ಕೆಲವು ವರ್ಷದ ನಂತರ ವಾಪಸ್ ಬಂದರು. ನಲವತ್ತು ದಾಟಿದ ಮೇಲೆ, 1965ರಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಆಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಸಂಶೋಧನಾಲಯ ಸೇರಿದರು.

ಆಗ ಐಬಿಎಂ ಮಾರುತ್ತಿದ್ದ ಡೇಟಾಬೇಸ್ ಐಎಂಎಸ್. ಅದರಲ್ಲಿ ಡೇಟಾ ಮರದ ಆಕಾರದಲ್ಲಿರುತ್ತಿತ್ತು. ಉದಾಹರಣೆಗೆ ವಿಭಾಗ, ಅದರ ಕೆಳಗೆ ಸೆಮಿಸ್ಟರ್, ಅದರ ಕೆಳಗೆ ವಿದ್ಯಾರ್ಥಿ. ಒಬ್ಬ ವಿದ್ಯಾರ್ಥಿಯ ಅಂಕ ಬೇಕಾದರೆ ಪ್ರೋಗ್ರಾಮರ್ ಕೊಂಬೆಯಿಂದ ಕೊಂಬೆಗೆ ಇಳಿಯೋ ದಾರಿಯನ್ನೇ ಕೋಡ್‌ನಲ್ಲಿ ಬರೀಬೇಕು. ಮರದ ಆಕಾರ ಬದಲಾಯಿತೋ, ಕೋಡ್ ಮತ್ತೆ ಬರೀಬೇಕು!

1970ರ ಜೂನ್‌ನಲ್ಲಿ ಎಸಿಎಂ ಪತ್ರಿಕೆಯಲ್ಲಿ ಕಾಡ್ ಅವರ ಪ್ರಬಂಧ ಬಂತು. ಡೇಟಾವನ್ನೆಲ್ಲ ಟೇಬಲ್‌ಗಳಾಗಿ ನೋಡೋಣ, ಏನು ಬೇಕು ಅಂತಷ್ಟೇ ಬಳಕೆದಾರ ಹೇಳಲಿ, ಹೇಗೆ ತರಬೇಕು ಅನ್ನೋದು ಸಿಸ್ಟಮ್‌ನ ಪಾಡು ಅನ್ನೋದು ಅದರ ಸಾರ. ಗಣಿತ ಸೊಗಸಾಗಿತ್ತು. ಆದರೆ ಐಎಂಎಸ್‌ನಿಂದ ಒಳ್ಳೆ ಆದಾಯ ಬರುತ್ತಿರುವಾಗ ಹೊಸದು ಯಾಕೆ ಅನ್ನೋದು ಕಂಪನಿಯ ಲೆಕ್ಕ. ಇದು ನಿಧಾನ, ಓಡಲ್ಲ ಅಂದವರೂ ಇದ್ದರು. 1974ರಲ್ಲಿ ಟ್ಯೂರಿಂಗ್ ಪ್ರಶಸ್ತಿ ವಿಜೇತ ಚಾರ್ಲ್ಸ್ ಬಾಕ್‌ಮನ್ ಎದುರು ನಿಂತು ಕಾಡ್ ತಮ್ಮ ಮಾದರಿಯ ಪರ ವಾದಿಸಿದರು.

ಕೊನೆಗೆ ಸ್ಯಾನ್ ಹೋಸೆಯಲ್ಲೇ ಸಿಸ್ಟಮ್ ಆರ್ ಪ್ರಾಜೆಕ್ಟ್ ಶುರುವಾಯಿತು. ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಭಾಷೆಯೇ ಇವತ್ತಿನ ಎಸ್‌ಕ್ಯೂಎಲ್. ಪಿಎಲ್/1 ಪ್ರೋಗ್ರಾಂ ಒಳಗೇ ಕ್ವೆರಿ ಬರೆದು, ಬದಲಾಗುವ ವ್ಯಾಲ್ಯೂ ಜಾಗದಲ್ಲಿ ಪ್ರೋಗ್ರಾಂನ ವೇರಿಯಬಲ್ ಇಡೋ ಪದ್ಧತಿ ಅಲ್ಲೇ ಬೆಳೆಯಿತು. ನಮ್ಮ ಪ್ರಶ್ನಾರ್ಥಕ ಚಿಹ್ನೆ ಆ ವಂಶದ್ದೇ. ಆದರೆ ಮಾರುಕಟ್ಟೆಗೆ ಮೊದಲು ಹೋಗಿದ್ದು ಐಬಿಎಂ ಅಲ್ಲ. ಅವರ ಪ್ರಬಂಧಗಳನ್ನು ಓದಿಕೊಂಡ ಒಂದು ಚಿಕ್ಕ ಕಂಪನಿ 1979ರಲ್ಲಿ ಒರಾಕಲ್ ಮಾರಲು ಶುರು ಮಾಡಿತು. ಐಬಿಎಂನ ಎಸ್‌ಕ್ಯೂಎಲ್ ಉತ್ಪನ್ನ ಬಂದಿದ್ದು 1981ರಲ್ಲಿ. ಅದೇ ವರ್ಷ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಗೆದ್ದ ಮೇಲೂ ಅವರು ಸುಮ್ಮನಾಗಲಿಲ್ಲ. ಹಳೇ ಸರಕಿಗೆ 'ರಿಲೇಷನಲ್' ಅಂತ ಬೋರ್ಡ್ ಹಾಕಿ ಮಾರೋದನ್ನು ಕಂಡು, 1985ರಲ್ಲಿ ತಮ್ಮ ಹೆಸರಾಂತ ಹನ್ನೆರಡು ನಿಯಮ ಪ್ರಕಟಿಸಿದರು. ಡೇಟಾ ಬೇರೆ ಮೆಷಿನ್‌ಗಳಿಗೆ ಹಂಚಿಹೋದರೂ ಪ್ರೋಗ್ರಾಂ ಬದಲಾಗಬಾರದು ಅನ್ನೋದು ಅದರಲ್ಲೊಂದು. ಟೇಬಲ್‌ನಲ್ಲಿ ಒಂದೇ ಸಾಲು ಎರಡು ಸಲ ಬರಲು ಬಿಟ್ಟಿದ್ದಕ್ಕೆ ಎಸ್‌ಕ್ಯೂಎಲ್ ಅನ್ನೂ ಟೀಕಿಸಿದರು. 2003ರ ಏಪ್ರಿಲ್ 18ರಂದು ಫ್ಲೋರಿಡಾದಲ್ಲಿ ತೀರಿಕೊಂಡರು.

ಇಂಟರ್ನಲ್ಸ್ ಹಿಂದಿನ ರಾತ್ರಿ ಬಿಸಿಎನ್‌ಎಫ್ ಉರು ಹೊಡೀತೀವಲ್ಲ, ಅದರ 'ಬಿ' ಬಾಯ್ಸ್, 'ಸಿ' ಕಾಡ್. ಮುಂದಿನ ಸಲ ಲ್ಯಾಬ್‌ನಲ್ಲಿ ಸರ್ವರ್ ಬದಲಾದಾಗ ಕನೆಕ್ಷನ್‌ನ ಒಂದೇ ಸಾಲು ತಿದ್ದಿ, ಕ್ವೆರಿ ಮುಟ್ಟದೆ ರನ್ ಮಾಡ್ತೀವಲ್ಲ, ಆಗ ಒಂದು ಕ್ಷಣ ಅವರನ್ನ ನೆನೆಸಿಕೊಳ್ಳೋಣ.