ಐದು ಸಲ ಗಡೀಪಾರಾದ ಸಭಾಪಾಲಕ: ಅಥನಾಸಿಯಸ್

  ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದೋರು ಅಲ್ಲೇ ತೆಗೀರಿ, ಆದ್ರೆ ನೋಟಿಫಿಕೇಶನ್ ಆಫ್ ಮಾಡಿಬಿಡಿ. ಯೂದನ ಪತ್ರಿಕೆ 3 ನೇ ವಚನ. ಚಿಕ್ಕ ಪತ್ರಿಕೆ, ಒಂದೇ ಅಧ್ಯಾಯ, ಪ್ರಕಟನೆಗೆ ಮುಂಚೆ ಸಿಗುತ್ತೆ.

ಯೂದನು ಬೇರೆ ವಿಷಯ ಬರೆಯೋಣ ಅಂತ ಕೂತಿದ್ದ. ಆದರೆ ಸಭೆಯೊಳಗೆ ತಪ್ಪು ಬೋಧನೆ ನುಸುಳಿತ್ತು. ಅದಕ್ಕೇ ನಮ್ಮ ಕೈಗೆ ಬಂದಿರೋ ನಂಬಿಕೆಗೋಸ್ಕರ ಹೋರಾಡಬೇಕು ಅನ್ನೋದನ್ನೇ ಬರೆಯಬೇಕಾಯ್ತು. ಹೋರಾಡೋದು ಅಂದ್ರೆ ಕಾಮೆಂಟ್ ಬಾಕ್ಸಲ್ಲಿ ಜಗಳ ಆಡೋದಾ? ಮತ್ತೆ ಹೇಗೆ ಹೋರಾಡೋದು? ಇವತ್ತು ಒಬ್ಬ ದೇವಸೇವಕರ ಜೀವನದಿಂದ ಇದನ್ನ ಕಲಿಯೋಣ. ಅವರ ಹೆಸರು ಅಥನಾಸಿಯಸ್. ಅವರು ತೀರಿಹೋಗಿ 1,650 ವರ್ಷ ದಾಟಿದೆ.

ನಿಮ್ಮಲ್ಲಿ ಎಷ್ಟೋ ಜನಕ್ಕೆ ಕಾಲೇಜಲ್ಲಿ, ಆಫೀಸಲ್ಲಿ ಈ ಮಾತು ಕೇಳಿಬಂದಿರುತ್ತೆ. ಯೇಸು ಒಳ್ಳೇ ಗುರು, ಆಮೇಲೆ ಒಬ್ಬ ರೋಮ್ ಚಕ್ರವರ್ತಿ ಮೀಟಿಂಗ್ ಕರೆದು ಓಟು ಹಾಕಿಸಿ ಆತನನ್ನ ದೇವರು ಮಾಡಿಬಿಟ್ಟ ಅಂತ. ಇನ್ನು ಕೆಲವರು ಮನೆ ಬಾಗಿಲಿಗೇ ಬಂದು, ಯೇಸು ದೇವರ ಮೊದಲನೇ ಸೃಷ್ಟಿ, ಅಷ್ಟೇ, ದೇವರಲ್ಲ ಅಂತಾರೆ. ಇವೆರಡೂ ಹೊಸ ಮಾತುಗಳಲ್ಲ ಪ್ರಿಯರೇ. ಇದಕ್ಕೆಲ್ಲ ಉತ್ತರ ಹೇಳೋದಕ್ಕೆ ಅಥನಾಸಿಯಸ್ ತಮ್ಮ ಇಡೀ ಜೀವನವನ್ನೇ ಕೊಟ್ಟರು.

ಐಗುಪ್ತ ದೇಶದ ಅಲೆಕ್ಸಾಂದ್ರಿಯ ಪಟ್ಟಣ. ಅಪೊಸ್ತಲರ ಕೃತ್ಯಗಳಲ್ಲಿ ಅಪೊಲ್ಲೋಸನ ಊರು ಅಂತ ಓದಿದ್ದೀರಲ್ಲ, ಅದೇ. ದೊಡ್ಡ ಬಂದರು, ವಿದ್ಯೆಗೆ ಹೆಸರಾದ ಊರು. ಮೂರನೇ ಶತಮಾನದ ಕೊನೆಯ ವರ್ಷಗಳಲ್ಲಿ ಅಥನಾಸಿಯಸ್ ಹುಟ್ಟಿದರು. ಅವರು ಚಿಕ್ಕ ಹುಡುಗನಾಗಿದ್ದಾಗಲೇ, 303 ರಲ್ಲಿ, ಚಕ್ರವರ್ತಿ ಡಯೋಕ್ಲೇಷಿಯನ್ ಸಭೆಯ ಮೇಲೆ ಹಿಂಸೆ ಶುರು ಮಾಡಿದ. ಸತ್ಯವೇದದ ಪ್ರತಿಗಳನ್ನ ಸುಟ್ಟರು, ಆರಾಧನಾ ಸ್ಥಳಗಳನ್ನ ಕೆಡವಿದರು, ಎಷ್ಟೋ ವಿಶ್ವಾಸಿಗಳು ಪ್ರಾಣ ಕೊಟ್ಟರು. ಐಗುಪ್ತದಲ್ಲಿ ಆ ಹಿಂಸೆ ತುಂಬಾ ಕ್ರೂರವಾಗಿತ್ತು. ಯೇಸುವಿಗೋಸ್ಕರ ಸಾಯೋರನ್ನ ನೋಡಿ ಬೆಳೆದ ತಲೆಮಾರು ಅದು.

313 ರಲ್ಲಿ ಕಾನ್‌ಸ್ಟಂಟೈನ್ ಕಾಲದಲ್ಲಿ ಸಭೆಗೆ ಬಿಡುಗಡೆ ಸಿಕ್ಕಿತು. ಹೊರಗಿನ ಹಿಂಸೆ ನಿಂತಿತು, ಒಳಗಿನ ಸಮಸ್ಯೆ ಶುರುವಾಯ್ತು. ಅಲೆಕ್ಸಾಂದ್ರಿಯದಲ್ಲೇ ಅರಿಯಸ್ ಅಂತ ಒಬ್ಬ ಹಿರಿಯ ಬೋಧಕ ಇದ್ದ. ಕೆಟ್ಟ ಜೀವನ ಮಾಡಿದವನಲ್ಲ. ಉಪವಾಸ ಮಾಡೋನು, ಸರಳವಾಗಿ ಬದುಕೋನು, ಚೆನ್ನಾಗಿ ಮಾತಾಡೋನು. ಜನ ಅವನನ್ನ ತುಂಬಾ ಇಷ್ಟಪಡ್ತಾ ಇದ್ದರು. ಆದರೆ ಅವನ ಬೋಧನೆ ಏನಾಗಿತ್ತು? ತಂದೆ ಮಾತ್ರ ನಿಜವಾದ ದೇವರು, ಮಗನನ್ನ ತಂದೆ ಸೃಷ್ಟಿ ಮಾಡಿದ, ಮಗನು ಇಲ್ಲದ ಒಂದು ಹೊತ್ತು ಇತ್ತು ಅಂತ. ಯೇಸು ಎಲ್ಲಾ ಸೃಷ್ಟಿಗಿಂತ ಮೇಲು, ಆದರೂ ಸೃಷ್ಟಿಯೇ. ಇದಕ್ಕೆ ಅವನು ವಚನಗಳನ್ನೂ ತೋರಿಸ್ತಾ ಇದ್ದ, ಜ್ಞಾನೋಕ್ತಿ 8:22, ಯೋಹಾನ 14:28. ಅಷ್ಟೇ ಅಲ್ಲ, ಅದನ್ನ ಹಾಡು ಮಾಡಿದ. ನಾವಿಕರು, ಹಿಟ್ಟು ಬೀಸೋರು, ಪ್ರಯಾಣಿಕರು ಹಾಡ್ಕೊಂಡು ಹೋಗೋ ಥರ ಹಾಡು ಕಟ್ಟಿದ ಅಂತ ಸಭಾ ಚರಿತ್ರೆ ಹೇಳುತ್ತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ವರ್ಷಿಪ್ ಟೀಮ್ ಮಕ್ಕಳೇ, ಕೇಳಿಸ್ಕೊಳ್ಳಿ. ಪ್ರಸಂಗ ಮರೆತುಹೋಗುತ್ತೆ, ಹಾಡು ಮರೆಯಲ್ಲ. ಟ್ಯೂನ್ ಚೆನ್ನಾಗಿದೆ ಅಂತ ಎಲ್ಲಾ ಹಾಡನ್ನೂ ಸಭೆಗೆ ತರಬೇಡಿ. ಸಾಹಿತ್ಯ ವಾಕ್ಯದ ಪ್ರಕಾರ ಇದೆಯಾ ನೋಡಿ. ವಚನ ತೋರಿಸ್ತಾನೆ ಅಂದ ಮಾತ್ರಕ್ಕೆ ಬೋಧನೆ ಸರಿ ಅಂತಲೂ ಅಲ್ಲ. ಒಂದು ವಚನವನ್ನ ಇಡೀ ಸತ್ಯವೇದದ ಜೊತೆ ಇಟ್ಟು ಓದಬೇಕು.

ಅಲೆಕ್ಸಾಂದ್ರಿಯದ ಬಿಷಪ್ ಅಲೆಕ್ಸಾಂಡರ್ ಇದನ್ನ ವಿರೋಧಿಸಿದರು. ಜಗಳ ಊರೂರಿಗೂ ಹಬ್ಬಿತು. ರಾಜ್ಯ ಒಡೆಯುತ್ತೆ ಅನ್ನೋ ಭಯದಿಂದ ಕಾನ್‌ಸ್ಟಂಟೈನ್ 325 ರಲ್ಲಿ ಬಿಷಪರನ್ನೆಲ್ಲ ನೈಸಿಯಾಗೆ ಕರೆಸಿದ. ಈಗ ಅದು ಟರ್ಕಿ ದೇಶದಲ್ಲಿದೆ. ಸುಮಾರು 300 ಬಿಷಪರು ಬಂದರು. ಅಥನಾಸಿಯಸ್ ಆಗ ಇನ್ನೂ ಯುವಕ, ಒಬ್ಬ ಡೀಕನ್, ತಮ್ಮ ಬಿಷಪರಿಗೆ ಸಹಾಯ ಮಾಡೋದಕ್ಕೆ ಹೋಗಿದ್ದರು. ಮಗನು ಸೃಷ್ಟಿಯಲ್ಲ, ತಂದೆಯ ತತ್ವವೇ ಆತನ ತತ್ವ ಅಂತ ಸಭೆ ತೀರ್ಮಾನ ಮಾಡಿತು. ಕೊನೆಗೂ ಸಹಿ ಹಾಕದೆ ಉಳಿದವರು ಇಬ್ಬರೇ ಬಿಷಪರು.

ಗಮನಿಸಿ. ಅಲ್ಲಿ ಬಂದವರು ಯೇಸುವನ್ನ ದೇವರು ಮಾಡಲಿಲ್ಲ. ಅದಕ್ಕೂ ಮುಂಚೆಯೇ ಸಭೆ ಯೇಸುವಿಗೆ ಪ್ರಾರ್ಥನೆ ಮಾಡ್ತಿತ್ತು, ಯೇಸುವನ್ನ ಆರಾಧಿಸ್ತಿತ್ತು, ಯೇಸುವಿಗೋಸ್ಕರ ಸಾಯ್ತಿತ್ತು. ಸೈತಾನನಿಗೂ ಚಕ್ರವರ್ತಿಗೂ ಅಡ್ಡಬೀಳದೆ ಯಾರಿಗೆ ಅಡ್ಡಬಿದ್ದಿದ್ದಾರೋ, ಆತನು ಯಾರು ಅಂತ ನೈಸಿಯಾದಲ್ಲಿ ಸ್ಪಷ್ಟವಾಗಿ ಬರೆದಿಟ್ಟರು, ಅಷ್ಟೇ.

ಇನ್ನೊಂದು ವಿಷಯ. ಚಕ್ರವರ್ತಿಯ ಬಲದಿಂದ ಈ ನಂಬಿಕೆ ಗೆದ್ದಿತು ಅಂತಾರಲ್ಲ, ಮುಂದಿನ ಕಥೆ ಕೇಳಿ. ನೈಸಿಯಾ ಆಗಿ ಕೆಲವೇ ವರ್ಷದಲ್ಲಿ ಕಾನ್‌ಸ್ಟಂಟೈನ್ ಮನಸ್ಸು ಬದಲಾಯಿಸಿ ಅರಿಯಸನನ್ನ ವಾಪಸ್ ಸೇರಿಸ್ಕೊಳ್ಳಿ ಅಂದ. ಸಾಯೋ ಮುಂಚೆ ಅವನಿಗೆ ದೀಕ್ಷಾಸ್ನಾನ ಕೊಟ್ಟದ್ದೂ ಅರಿಯಸನ ಪಕ್ಷದ ಬಿಷಪ್. ಅವನ ಮಗ ಕಾನ್‌ಸ್ಟಾಂಟಿಯಸ್, ಆಮೇಲೆ ವಾಲೆನ್ಸ್, ಇವರೆಲ್ಲ ನೈಸಿಯಾ ನಂಬಿಕೆಗೆ ವಿರೋಧವಾಗಿ ನಿಂತರು. ಅರಮನೆ ಒಂದು ಕಡೆ, ಅಥನಾಸಿಯಸ್ ಇನ್ನೊಂದು ಕಡೆ.

328 ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ಮೇಲೆ ಅಥನಾಸಿಯಸ್ ಬಿಷಪ್ ಆದರು. ವಯಸ್ಸು ಹೆಚ್ಚು ಕಡಿಮೆ ಮೂವತ್ತು. ನಿಮ್ಮಲ್ಲಿ ಕೆಲವರ ವಯಸ್ಸು. ಅರಿಯಸನನ್ನ ಸೇರಿಸ್ಕೋ ಅಂತ ಚಕ್ರವರ್ತಿ ಹೇಳಿದಾಗ, ಆಗಲ್ಲ ಅಂದರು. ಅಲ್ಲಿಂದ ಸುಳ್ಳು ಕೇಸುಗಳು ಶುರು. ಅರ್ಸೆನಿಯಸ್ ಅನ್ನೋ ಬಿಷಪನನ್ನ ಕೊಂದು, ಮಾಟ ಮಾಡೋದಕ್ಕೆ ಅವನ ಕೈ ಕಡಿದು ಇಟ್ಕೊಂಡಿದ್ದಾರೆ ಅಂತ ಆರೋಪ. 335 ರಲ್ಲಿ ತೂರ್ ಪಟ್ಟಣದಲ್ಲಿ ವಿಚಾರಣೆ. ಆದರೆ ಅರ್ಸೆನಿಯಸ್ ಸತ್ತಿರಲಿಲ್ಲ, ಅವಿತುಕೊಂಡಿದ್ದ! ಅಥನಾಸಿಯಸ್ ಕಡೆಯವರು ಹುಡುಕಿ ಹಿಡಿದರು. ಸಭಾ ಚರಿತ್ರೆಕಾರರು ಹೇಳೋ ಪ್ರಕಾರ, ಹೊದಿಕೆ ಹೊದಿಸಿ ಅವನನ್ನ ಕರ್ಕೊಂಡು ಬಂದು ಮೊದಲು ಒಂದು ಕೈ ತೋರಿಸಿದರು, ಆಮೇಲೆ ಇನ್ನೊಂದು ಕೈ ತೋರಿಸಿದರು. ಮೂರನೇ ಕೈ ಇದ್ದರೆ ತಾನೇ ಕಡಿಯೋದಕ್ಕೆ! ಆದರೂ ಬಿಡಲಿಲ್ಲ. ಐಗುಪ್ತದಿಂದ ಚಕ್ರವರ್ತಿಯ ರಾಜಧಾನಿಗೆ ಹೋಗೋ ಗೋಧಿ ಹಡಗುಗಳನ್ನ ತಡೀತೀನಿ ಅಂದಿದ್ದಾರೆ ಅಂತ ಇನ್ನೊಂದು ಆರೋಪ ತಂದರು. ಊಟದ ವಿಷಯ ಬಂದರೆ ಯಾವ ರಾಜನೂ ಸುಮ್ಮನಿರಲ್ಲ. ಅಥನಾಸಿಯಸ್ಸನ್ನ ಟ್ರಿಯರ್ ಅನ್ನೋ ಊರಿಗೆ ಗಡೀಪಾರು ಮಾಡಿದ. ಈಗಿನ ಜರ್ಮನಿ ಅದು. ಮೊದಲನೇ ಗಡೀಪಾರು.

ಎರಡನೇದು 339 ರಿಂದ 346 ರ ತನಕ, ರೋಮ್ ಕಡೆಗೆ. ವಾಪಸ್ ಬಂದಾಗ ಅಲೆಕ್ಸಾಂದ್ರಿಯದ ಜನ ಊರಾಚೆ ಬಹುದೂರ ಹೋಗಿ ಎದುರುಗೊಂಡರು. ಹತ್ತು ವರ್ಷ ಸಮಾಧಾನ ಇತ್ತು. ಆಮೇಲೆ 356 ರ ಫೆಬ್ರವರಿ. ಒಂದು ರಾತ್ರಿ ಜಾಗರಣೆ ಪ್ರಾರ್ಥನೆ ನಡೀತಿತ್ತು, ನಮ್ಮ ಆಲ್ ನೈಟ್ ಪ್ರೇಯರ್ ಥರಾನೇ. ಸೈನಿಕರು ಚರ್ಚನ್ನ ಸುತ್ತುವರಿದರು. ಅಥನಾಸಿಯಸ್ ಓಡಲಿಲ್ಲ. ತಮ್ಮ ಆಸನದಲ್ಲೇ ಕೂತು, 136 ನೇ ಕೀರ್ತನೆ ಓದೋದಕ್ಕೆ ಡೀಕನ್‌ಗೆ ಹೇಳಿದರು. ದೇವರ ಕೃಪೆಯ ಬಗ್ಗೆ ಸಾಲು ಸಾಲಿಗೂ ಜನ ಉತ್ತರ ಕೊಡೋ ಕೀರ್ತನೆ ಅದು. ಬಾಗಿಲು ಮುರಿದು ಸೈನಿಕರು ಒಳಗೆ ನುಗ್ಗಿದರು. ಜನರೆಲ್ಲ ಮೊದಲು ಹೊರಗೆ ಹೋಗಲಿ ಅಂತ ಅವರು ಹಠ ಹಿಡಿದರು. ಕೊನೆಗೆ ಜೊತೆಯಲ್ಲಿದ್ದವರೇ ಅವರನ್ನ ಎಳ್ಕೊಂಡು ಹೋದರು. ಇದು ನಾಯಕತ್ವ. ಕುರಿಗಳು ಹೊರಗೆ ಹೋಗೋ ತನಕ ಕುರುಬ ಅಲ್ಲೇ. ಆಮೆನ್ ಹೇಳ್ತೀರಾ?

ಆಮೇಲೆ ಆರು ವರ್ಷ ಮರುಭೂಮಿ. ಸನ್ಯಾಸಿಗಳು ಅವರನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಚ್ಚಿಟ್ಟರು. ಅವರ ಜಾಗದಲ್ಲಿ ಅರಮನೆಯವರು ಬೇರೆಯವನನ್ನ ಬಿಷಪ್ ಮಾಡಿದರು. ಎಲ್ಲಾ ಮುಗಿದುಹೋಯ್ತು ಅಂತ ಕಾಣಿಸೋ ಕಾಲ. ಪ್ರಿಯರೇ, ಅವರು ತುಂಬಾ ಬರೆದದ್ದು ಆವಾಗಲೇ! ಮರುಭೂಮಿಯ ಅಂತೋನಿ ಅನ್ನೋ ದೇವಭಕ್ತರ ಜೀವನ ಚರಿತ್ರೆ ಬರೆದರು. ಆ ಪುಸ್ತಕವನ್ನ ಮುಂದೆ ಟ್ರಿಯರ್‌ನಲ್ಲೇ ಇಬ್ಬರು ಸರ್ಕಾರಿ ಅಧಿಕಾರಿಗಳು ಓದಿ, ಕೆಲಸ ಬಿಟ್ಟು ದೇವರನ್ನ ಹಿಂಬಾಲಿಸಿದರು. ಆ ಸುದ್ದಿಯನ್ನ 386 ರಲ್ಲಿ ಮಿಲಾನ್‌ನಲ್ಲಿ ಕೇಳಿದ ಒಬ್ಬ ಯುವಕನ ಹೃದಯ ಕದಡಿತು. ಅವನೇ ಅಗಸ್ಟೀನ್. ಅಥನಾಸಿಯಸ್ಸನ್ನ ಮೊದಲು ಎಸೆದ ಊರಲ್ಲೇ ದೇವರು ಅವರ ಪುಸ್ತಕಕ್ಕೆ ಫಲ ಕೊಟ್ಟರು. ಹಲ್ಲೆಲೂಯಾ!

ಅದೇ ಕಾಲದಲ್ಲಿ ಸೆರಾಪಿಯೋನ್ ಅನ್ನೋ ಬಿಷಪ್ ಒಂದು ಪ್ರಶ್ನೆ ಕಳಿಸಿದರು. ಮಗನು ದೇವರು ಅಂತ ಒಪ್ಪಿದ ಕೆಲವರು, ಪವಿತ್ರಾತ್ಮನು ಮಾತ್ರ ಸೃಷ್ಟಿ, ದೂತರ ಥರ ಒಬ್ಬ ಸೇವಕ ಅಂತಿದ್ದರು. ಅಥನಾಸಿಯಸ್ ಉದ್ದದ ಪತ್ರಗಳನ್ನ ಬರೆದರು. ಅವರ ವಾದ ಇದು: ಆತ್ಮನು ಸೃಷ್ಟಿಯಾಗಿದ್ದರೆ ನಮ್ಮನ್ನ ದೇವರ ಜೊತೆ ಸೇರಿಸೋದು ಹೇಗೆ? ಪರಿಶುದ್ಧ ಮಾಡೋನೂ ಪರಿಶುದ್ಧತೆ ಪಡೆಯೋನೂ ಒಂದೇ ಸಾಲಲ್ಲಿ ಹೇಗೆ ನಿಲ್ತಾರೆ? ಮತ್ತಾಯ 28 ರಲ್ಲಿ ಒಂದೇ ನಾಮದಲ್ಲಿ ತಂದೆ, ಮಗ, ಪವಿತ್ರಾತ್ಮ ಅಂತ ದೀಕ್ಷಾಸ್ನಾನ ಕೊಡೋದಾದರೆ, ಇಬ್ಬರು ದೇವರು, ಒಬ್ಬ ಸೃಷ್ಟಿ ಅನ್ನೋಕಾಗುತ್ತಾ? ಪೆಂತೆಕೊಸ್ತರಾದ ನಮಗೆ ಇದು ಎಷ್ಟು ಮುಖ್ಯ! ಪವಿತ್ರಾತ್ಮ ಅಂದ್ರೆ ಕರೆಂಟ್ ಅಲ್ಲ, ಮೈ ಝುಮ್ಮನ್ನೋ ಫೀಲಿಂಗ್ ಅಲ್ಲ. ಆತನು ದೇವರು. ಆತನನ್ನ ನಾವು ಬಳಸೋದಲ್ಲ, ಆತನಿಗೆ ನಾವು ವಿಧೇಯರಾಗೋದು.

362 ರಲ್ಲಿ ವಾಪಸ್ ಬಂದ ಅಥನಾಸಿಯಸ್ ಸೇಡು ತೀರಿಸ್ಕೊಂಡರಾ? ಇಲ್ಲ. ಒಂದು ಸಭೆ ಕೂಡಿಸಿ, ಬೇರೆ ಬೇರೆ ಶಬ್ದ ಬಳಸ್ತಿದ್ದರೂ ಒಂದೇ ನಂಬಿಕೆ ಇದ್ದವರನ್ನ ಹತ್ತಿರ ತಂದರು. ನೀವು ಆ ಪದದಿಂದ ಏನು ಹೇಳ್ತೀರಿ ಅಂತ ಕೇಳಿಸ್ಕೊಂಡು, ಅರ್ಥ ಸರಿ ಇದ್ದರೆ ಕೈ ಹಿಡಿದರು. ಯೌವನದಲ್ಲಿ ಅವರ ಮಾತು ತುಂಬಾ ಖಾರ, ಅವರ ಕಡೆಯವರು ವಿರೋಧಿಗಳ ಮೇಲೆ ಕೈ ಮಾಡಿದರು ಅನ್ನೋ ದೂರೂ ಇತ್ತು. ಅದನ್ನ ಮುಚ್ಚಿಡೋದು ಬೇಡ, ಅವರೂ ಮಣ್ಣಿನ ಪಾತ್ರೆಯೇ. ಆದರೆ ಯಾವುದು ಬಿಟ್ಟುಕೊಡಬಾರದು, ಯಾವುದರಲ್ಲಿ ತಾಳ್ಮೆ ಬೇಕು ಅನ್ನೋದನ್ನ ವರ್ಷಗಳ ಕಷ್ಟ ಅವರಿಗೆ ಕಲಿಸಿತ್ತು.

ಅದೇ ವರ್ಷ ಚಕ್ರವರ್ತಿ ಜೂಲಿಯನ್ ಮತ್ತೆ ಓಡಿಸಿದ, ನಾಲ್ಕನೇ ಸಲ. ನೈಲ್ ನದಿಯಲ್ಲಿ ದೋಣಿಯಲ್ಲಿ ಹೋಗ್ತಿದ್ದಾಗ ಹಿಡಿಯೋರು ಹಿಂದೆ ಬಂದರಂತೆ. ದೋಣಿಯನ್ನ ಅವರ ಕಡೆಗೇ ತಿರುಗಿಸಿದರು. ಅಥನಾಸಿಯಸ್ಸನ್ನ ನೋಡಿದ್ರಾ ಅಂತ ಕೇಳಿದಾಗ, ಇಲ್ಲೇ ಹತ್ತಿರದಲ್ಲೇ ಇದ್ದಾನೆ ಅನ್ನೋ ಉತ್ತರ ಹೋಯ್ತು. ಸುಳ್ಳೂ ಹೇಳಲಿಲ್ಲ, ಸಿಕ್ಕಿಯೂ ಬೀಳಲಿಲ್ಲ! ಐದನೇದು ವಾಲೆನ್ಸ್ ಕಾಲದಲ್ಲಿ, 365 ರಲ್ಲಿ, ಕೆಲವೇ ತಿಂಗಳು.

45 ವರ್ಷ ಬಿಷಪ್, ಅದರಲ್ಲಿ ಸುಮಾರು 17 ವರ್ಷ ಗಡೀಪಾರು. 367 ರಲ್ಲಿ ಅವರು ಬರೆದ ಈಸ್ಟರ್ ಪತ್ರದಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಇದೆ. ಇವತ್ತು ನಿಮ್ಮ ಕೈಯಲ್ಲಿರೋ ಅದೇ 27. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ನಮಗೆ ಸಿಕ್ಕಿರೋದರಲ್ಲಿ ಸರಿಯಾಗಿ ಇಷ್ಟೇ ಪುಸ್ತಕಗಳಿರೋ ಮೊದಲ ಪಟ್ಟಿ ಅದು. 373 ರ ಮೇ 2 ರಂದು ಅವರು ಕರ್ತನ ಬಳಿಗೆ ಹೋದರು. ಗೆದ್ದದ್ದನ್ನ ಪೂರ್ತಿ ನೋಡಲಿಲ್ಲ. ಎಂಟು ವರ್ಷ ಆದ ಮೇಲೆ, 381 ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಭೆ ನೈಸಿಯಾದ ನಂಬಿಕೆಯನ್ನ ದೃಢಪಡಿಸಿ, ಪವಿತ್ರಾತ್ಮನ ಬಗ್ಗೆಯೂ ಸ್ಪಷ್ಟವಾಗಿ ಅರಿಕೆ ಮಾಡಿತು.

ಯಾಕೆ ಇಷ್ಟೆಲ್ಲ ಕಷ್ಟಪಟ್ಟರು? ಒಂದು ಶಬ್ದಕ್ಕಾ? ಅಲ್ಲ, ನಿಮ್ಮ ರಕ್ಷಣೆಗೆ. ಒಬ್ಬ ಸಾಲಗಾರ ಇನ್ನೊಬ್ಬ ಸಾಲಗಾರನ ಇಎಂಐ ಕಟ್ಟೋಕಾಗುತ್ತಾ? ಯೇಸು ಸೃಷ್ಟಿಯಾದರೆ ಆತನ ಜೀವವೂ ಸಾಲದ ಜೀವ, ನಮಗೆ ನಿತ್ಯಜೀವ ಕೊಡೋಕಾಗಲ್ಲ. ಮಾನವಾವತಾರದ ಬಗ್ಗೆ ಬರೆದ ಪುಸ್ತಕದಲ್ಲಿ ಅಥನಾಸಿಯಸ್ ಒಂದು ಹೋಲಿಕೆ ಕೊಡ್ತಾರೆ. ಹಲಗೆ ಮೇಲೆ ಬರೆದ ಒಬ್ಬರ ಚಿತ್ರ ಕೊಳಕಾಗಿ ಅಳಿಸಿಹೋದರೆ ಹಲಗೆಯನ್ನ ಬಿಸಾಡಲ್ಲ. ಯಾರ ಚಿತ್ರವೋ ಅವರೇ ಮತ್ತೆ ಬಂದು ಕೂತರೆ, ಅದೇ ಹಲಗೆ ಮೇಲೆ ಮತ್ತೆ ಬರೆಯಬಹುದು. ನಾವು ದೇವರ ಸ್ವರೂಪದಲ್ಲಿ ಆದವರು, ಪಾಪದಿಂದ ಅಳಿಸಿಹೋದವರು. ದೇವರು ನಮ್ಮನ್ನ ಬಿಸಾಡಲಿಲ್ಲ. ಯಾರ ಸ್ವರೂಪವೋ ಆತನೇ ಇಳಿದು ಬಂದನು. ಬೇರೆಯವರನ್ನ ಕಳಿಸಿದ್ದರೆ ಚಿತ್ರ ಸರಿಹೋಗ್ತಾ ಇರಲಿಲ್ಲ.

ಹಾಗಾದರೆ ಈ ವಾರ ಏನು ಮಾಡ್ತೀರಿ? ಯೋಹಾನ 1 ನೇ ಅಧ್ಯಾಯ, ಕೊಲೊಸ್ಸೆ 1, ಇಬ್ರಿಯ 1, ಇವು ಮೂರನ್ನೂ ಓದಿ. ಯೇಸು ಯಾರು ಅಂತ ಯಾರಾದ್ರೂ ಕೇಳಿದರೆ ಎರಡು ನಿಮಿಷದಲ್ಲಿ ಹೇಳೋಷ್ಟು ಕಲಿತ್ಕೊಳ್ಳಿ. ಕೇಳಿದವರನ್ನ ಸೋಲಿಸೋಕೆ ಹೋಗಬೇಡಿ, ಅವರ ಪ್ರಶ್ನೆ ಕೇಳಿಸ್ಕೊಳ್ಳಿ. ಒಬ್ಬಂಟಿಯಾಗಿ ನಿಲ್ಲಬೇಕಾಗಿ ಬಂದರೆ ಹೆದರಬೇಡಿ. ನಿಮ್ಮ ಆಫೀಸಲ್ಲಿ ನೀವೊಬ್ಬರೇ ವಿಶ್ವಾಸಿ ಆಗಿರಬಹುದು, ಆದರೆ ನಿಮ್ಮ ಜೊತೆ ಇರೋ ಆತ್ಮನು ಸೃಷ್ಟಿಯಲ್ಲ, ದೇವರು.

ಎಲ್ಲರೂ ಎದ್ದು ನಿಲ್ಲೋಣ. ತಂದೆಯೇ, ನಿನ್ನ ಮಗನು ಯಾರೆಂದು ನಮಗೆ ತೋರಿಸಿದ್ದಕ್ಕೆ ಸ್ತೋತ್ರ. ನಮ್ಮ ಯೌವನಸ್ಥರಿಗೆ ತಿಳುವಳಿಕೆ ಕೊಡು, ಧೈರ್ಯ ಕೊಡು, ತಾಳ್ಮೆ ಕೊಡು. ಪವಿತ್ರಾತ್ಮನೇ, ನಮ್ಮನ್ನ ನಡೆಸು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ಆಮೆನ್.